ಮಟನ್ ಸ್ಟ್ರೀಟಿನ ಟೇಪ್ ರೆಕಾರ್ಡರ್‌ಗಳು

ಮುಂಬಯಿಯ ಗ್ರಾಂಟ್ ರೋಡ್ ಸ್ಟೇಷನ್ನಿನಲ್ಲಿಳಿದು ಪೂರ್ವಕ್ಕೆ, ಮೌಲಾನಾ ಶೌಕತ್ ಅಲಿ ರಸ್ತೆಯಲ್ಲಿ ನಡೆದು ಹೋದರೆ ಬಲಬದಿಗೆ ಮಟನ್ ಸ್ಟ್ರೀಟ್ ಸಿಗುತ್ತದೆ. ಹೆಸರು ಕೇಳಿ ಅಲ್ಲಿ ಮಾಂಸದ ಅಂಗಡಿ ಹುಡುಕಬೇಡಿ. ಜನ ಚೋರ್ ಬಜಾರ್ ಎಂದು ಕರೆಯುವುದು ಈ ಬೀದಿಯನ್ನೂ ಇದರ ಅಕ್ಕಪಕ್ಕದ ಗಲ್ಲಿಗಳನ್ನೂ. ಅಸಲಿಗೆ ಇದು ‘ಶೋರ್ ಬಜಾರ್’, ಅಂದರೆ ಗದ್ದಲದ ಸಂತೆ, ಬ್ರಿಟಿಷರ ನಾಲಗೆಯಲ್ಲಿ ಅದು ‘ಚೋರ್’ ಆಯಿತು ಎಂದು ಅಲ್ಲಿನ ವ್ಯಾಪಾರಿಗಳು ಹೇಳುತ್ತಾರೆ. ತಮ್ಮ ಬಜಾರಿನ ಮಾನ ಕಾಯುವ ಈ ವಿವರಣೆಯನ್ನು ಅವರು ಎಷ್ಟು ಶ್ರದ್ಧೆಯಿಂದ ಕೊಡುತ್ತಾರೆಂದರೆ, ಕೇಳಿದ ಮೇಲೆ ಚೌಕಾಸಿ ಮಾಡಲು ಸ್ವಲ್ಪ ಸಂಕೋಚವೇ ಆಗುತ್ತದೆ!

ಶುಕ್ರವಾರ ಮಟನ್ ಸ್ಟ್ರೀಟಿನ ಅಂಗಡಿಗಳಿಗೆ ಬೀಗ. ಆದರೆ ಅದೇ ದಿನ ಬೆಳಕು ಹರಿಯುವ ಮೊದಲೇ ಸುತ್ತಲಿನ ರಸ್ತೆಗಳಲ್ಲಿ ನೆಲದ ಮೇಲೆ ಚಾದರ ಹಾಸಿ ಹಳೆಯ ಸಾಮಾನು ಮಾರುವವರು ಕೂರುತ್ತಾರೆ. ಟಾರ್ಚಿನ ಬೆಳಕಿನಲ್ಲೇ ವ್ಯಾಪಾರ ನಡೆಯುತ್ತದೆ. ನಾನು ಹೋದದ್ದು ಒಂದು ಶನಿವಾರ, ಅಂಗಡಿಗಳು ತೆರೆದಿದ್ದಾಗ. ನನ್ನನ್ನು ಕರೆದುಕೊಂಡು ಹೋದವನು ಅಕ್ಕನ ಮಗ. ಮುಂಬಯಿಯಲ್ಲಿ ಕೆಲಸ, ಸಂಬಳದ ಒಂದು ಪಾಲು ಹಳೆಯ ಟೇಪ್ ರೆಕಾರ್ಡರ್‌ಗಳಿಗೆ. ಹಿಡಿ ಇರುವ, ಎರಡು ಬದಿಗೆ ದೊಡ್ಡ ಸ್ಪೀಕರ್ ಇರುವ, ರೇಡಿಯೋ ಮತ್ತು ಕ್ಯಾಸೆಟ್ ಒಂದರಲ್ಲೇ ಇರುವ ಆ ಸ್ಟೀರಿಯೋಗಳನ್ನು ನಮ್ಮ ಕರಾವಳಿಯ ಮನೆಗಳಲ್ಲಿ ‘ಟೂ-ಇನ್-ಒನ್’ ಎನ್ನುತ್ತಿದ್ದೆವು. ನಲವತ್ತು ದಾಟಿದ ಓದುಗ ಸಹೋದರಿಯರಿಗೆ ಇದಕ್ಕಿಂತ ಹೆಚ್ಚಿನ ವಿವರ ಬೇಡ.

ಈ ಮೊಹಲ್ಲಾಗಳಿಗೂ ಶಬ್ದಕ್ಕೂ ಹಳೆಯ ನಂಟಿದೆ. ಇಲ್ಲಿಂದ ಸ್ವಲ್ಪ ದೂರದ ಭೆಂಡಿ ಬಜಾರಿನಲ್ಲಿ ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಛಜ್ಜೂ ಖಾನ್, ನಜೀರ್ ಖಾನ್, ಖಾದಿಮ್ ಹುಸೇನ್ ಖಾನ್ ಎಂಬ ಮೂವರು ಸಹೋದರರು ನೆಲೆಸಿ ಹಾಡುತ್ತಿದ್ದರು. ಹಿಂದುಸ್ತಾನಿ ಸಂಗೀತದ ಒಂದು ಘರಾನಾಕ್ಕೆ ಈ ಬಜಾರಿನ ಹೆಸರೇ ಬಂದಿದೆ. ಲತಾ ಮಂಗೇಶ್ಕರ್ ಕಲಿತ ಉಸ್ತಾದ್ ಅಮಾನ್ ಅಲಿ ಖಾನ್ ಇದೇ ಘರಾನಾದವರು. ಈಗ ಅಲ್ಲಿ ಕೇಳುವುದು ಕ್ರೇನುಗಳ ಸದ್ದು. ದಾವೂದಿ ಬೋಹ್ರಾ ಸಮುದಾಯದ ಟ್ರಸ್ಟೊಂದು 2009ರಲ್ಲಿ ಕೈಗೆತ್ತಿಕೊಂಡ ಯೋಜನೆಯಲ್ಲಿ ಹದಿನಾರೂವರೆ ಎಕರೆಯ ಹಳೆಯ ಕಟ್ಟಡಗಳನ್ನು ಕೆಡವಿ ಬಹುಮಹಡಿ ಮನೆಗಳನ್ನು ಕಟ್ಟಲಾಗುತ್ತಿದೆ. ಮನೆ ಕೆಡವುವ ಮುಂಚೆ ಮನೆಯವರು ಅಟ್ಟ ಖಾಲಿ ಮಾಡುತ್ತಾರಲ್ಲ? ಅಟ್ಟದಿಂದ ಇಳಿದದ್ದು ಗುಜರಿಗೆ, ಗುಜರಿಯಿಂದ ಚೋರ್ ಬಜಾರಿಗೆ. ಕಳೆದ ಹದಿನೈದು ವರ್ಷಗಳಲ್ಲಿ ತನ್ನ ಕೈಗೆ ಬಂದ ಸೆಟ್ಟುಗಳಲ್ಲಿ ಬಹಳಷ್ಟು ಹೀಗೆ ಬಂದವು ಎಂದು ಅಲ್ಲಿನ ಒಬ್ಬ ರಿಪೇರಿ ಚಾಚಾ ಹೇಳಿದರು. ಅವರ ವಿಷಯ ಮುಂದೆ ಬರುತ್ತದೆ.

ನಮ್ಮ ಕಡೆಯವರಿಗೂ ಈ ಬೀದಿಗೂ ಇರುವ ಸಂಬಂಧ ವಿಮಾನದ್ದು. ಮಂಗಳೂರಿನಿಂದ ಕೊಲ್ಲಿಗೆ ನೇರ ವಿಮಾನ ಆರಂಭವಾದದ್ದು 2006ರಲ್ಲಿ. ಕೊಂಕಣ ರೈಲು ಪೂರ್ತಿಯಾಗಿ ಓಡಲು ಶುರುವಾದದ್ದು 1998ರಲ್ಲಿ. ಅದಕ್ಕೆ ಮೊದಲು ದುಬೈ, ದಮ್ಮಾಮ್, ಕುವೈತ್‌ಗಳಿಂದ ರಜೆಗೆ ಬರುವವರಲ್ಲಿ ಹೆಚ್ಚಿನವರು ಸಹಾರ್ ವಿಮಾನ ನಿಲ್ದಾಣದಲ್ಲಿಳಿದು, ಊರಿನ ಜಮಾಅತ್‌ನವರ ಕೋಣೆಯಲ್ಲೋ ಮುಸಾಫಿರ್‌ಖಾನಾದಲ್ಲೋ ಒಂದೆರಡು ರಾತ್ರಿ ತಂಗಿ, ಅಲ್ಲಿಂದ ಬಸ್ಸು ಹಿಡಿಯುತ್ತಿದ್ದರು. ಇಡೀ ಒಂದು ಹಗಲು ಒಂದು ರಾತ್ರಿಯ ಪ್ರಯಾಣ, ಘಾಟಿಗಳ ತಿರುವು. ಕೈಯಲ್ಲಿ ಸೂಟ್‌ಕೇಸ್, ಕಂಬಳಿ, ಟಾರ್ಚು, ಅತ್ತರು ಮತ್ತು ರಟ್ಟಿನ ಪೆಟ್ಟಿಗೆಯಲ್ಲಿ ಟೇಪ್ ರೆಕಾರ್ಡರ್. ಕಸ್ಟಮ್ಸ್ ಸುಂಕಕ್ಕೋ ಬಸ್ಸಿನ ಟಿಕೆಟ್ಟಿಗೋ ಹಣ ಸಾಲದಾದವರು ಆ ಪೆಟ್ಟಿಗೆಯನ್ನು ಮುಂಬಯಿಯಲ್ಲೇ ಮಾರಿ ಬರುತ್ತಿದ್ದರು. ಕ್ರಾಫರ್ಡ್ ಮಾರ್ಕೆಟ್ ಸಮೀಪದ ಮುಸಾಫಿರ್‌ಖಾನಾದ ಸುತ್ತಮುತ್ತ, ಮನೀಷ್ ಮಾರ್ಕೆಟ್ಟಿನಲ್ಲಿ ‘ಫಾರಿನ್’ ಸಾಮಾನಿಗೆ ಗಿರಾಕಿಗಳು ಕಾದೇ ಇರುತ್ತಿದ್ದರು.

ಬೀದಿಯೊಳಕ್ಕೆ ಕಾಲಿಟ್ಟರೆ ಮೊದಲು ಕಣ್ಣಿಗೆ ಬೀಳುವುದು ಹಿತ್ತಾಳೆಯ ಕೊಳವೆ ಹೊತ್ತ ಗ್ರಾಮಾಫೋನುಗಳು. ಫಳಫಳ ಹೊಳೆಯುತ್ತವೆ. ‘ಅದರ ಕಡೆ ನೋಡಬೇಡಿ ಖಾಲಾ’ ಎಂದ ಅಕ್ಕನ ಮಗ. ಅವುಗಳಲ್ಲಿ ಬಹುಪಾಲು ಈಚೆಗೆ ಜೋಡಿಸಿದವು. ಕೊಳವೆ ಹೊಸದು, ಪೆಟ್ಟಿಗೆ ಹೊಸದು, ಒಳಗಿನ ಯಂತ್ರ ಮಾತ್ರ ಯಾವುದೋ ಒಳ್ಳೆಯ ಹಳೆಯ ಪೆಟ್ಟಿಗೆ ಗ್ರಾಮಾಫೋನಿನ ಹೊಟ್ಟೆ ಸೀಳಿ ತೆಗೆದದ್ದು. ಕೊಳವೆ ಇಲ್ಲದ ಸಾದಾ ಪೆಟ್ಟಿಗೆಯನ್ನು ಪ್ರವಾಸಿಗರು ಕೊಳ್ಳುವುದಿಲ್ಲವಂತೆ. ಗ್ರಾಮಾಫೋನಿಗೆ ಆದ ಗತಿ ಈಗ ಟೇಪ್ ರೆಕಾರ್ಡರಿಗೆ ಆಗುತ್ತಿದೆ ಎಂಬುದು ಅವನ ದುಃಖ.

ಮೂರು ಅಂಗಡಿ ದಾಟಿದ ಮೇಲೆ ಅವನ ನಡಿಗೆ ನಿಧಾನವಾಯಿತು. ಹೊಲಿಗೆ ಯಂತ್ರದ ತಲೆ, ಮುರಿದ ಫ್ಯಾನು, ಹಡಗಿನ ದೀಪ, ಇವುಗಳ ನಡುವೆ ಒಂದರ ಮೇಲೊಂದು ಒಟ್ಟಿದ ಏಳೆಂಟು ಸೆಟ್ಟುಗಳು. ಶಾರ್ಪ್, ಸಾನ್ಯೋ, ನ್ಯಾಷನಲ್ ಪ್ಯಾನಾಸಾನಿಕ್, ಜೆವಿಸಿ... ಎಷ್ಟು ವರ್ಷಗಳ ನಂತರ ಓದಿದ ಹೆಸರುಗಳು! ಕೆಳಗಿದ್ದದ್ದು ಶಾರ್ಪ್ ಜಿಎಫ್-777. ಆರು ಸ್ಪೀಕರು, ಎರಡು ಕ್ಯಾಸೆಟ್ ಬಾಯಿ. ಹೊರಗೆ ಒಯ್ಯಬೇಕಾದರೆ ಹತ್ತು ದಪ್ಪ ಸೆಲ್ಲು ಬೇಕು. ಸಂಗ್ರಹಕಾರರು ಜಗತ್ತಿನಾದ್ಯಂತ ಹುಡುಕುವ ಮಾದರಿ. ಅದರ ಮೇಲೆ ಉಳಿದ ಸೆಟ್ಟುಗಳ ಭಾರ, ಅವುಗಳ ಮೇಲೆ ಒಂದು ಇಸ್ತ್ರಿ ಪೆಟ್ಟಿಗೆ. ಮುಂಭಾಗದ ಜಾಲರಿ ಒಳಕ್ಕೆ ತಗ್ಗಿತ್ತು. ಅಂಗಡಿಯ ಹುಡುಗ ತೋರಿಸಲೆಂದು ಇನ್ನೊಂದು ಸೆಟ್ಟನ್ನು ಏರಿಯಲ್ ಹಿಡಿದು ಎತ್ತಿದ. ಕೋಳಿಯನ್ನು ಕಾಲು ಹಿಡಿದು ಎತ್ತುವ ಹಾಗೆ! ಅಕ್ಕನ ಮಗ ಕಣ್ಣು ಮುಚ್ಚಿಕೊಂಡ.

ಅವನಂಥವರ ಸಿಟ್ಟು ಏನೆಂದು ಅವತ್ತು ನನಗೆ ಪೂರ್ತಿ ಅರ್ಥವಾಯಿತು. ಅವರ ದೂರಿನ ಪಟ್ಟಿ ಉದ್ದವಿದೆ. ಮನೆಯ ಟೆರೇಸಿನಲ್ಲಿ ಬಿಸಿಲಿಗಿಟ್ಟು ಬಣ್ಣ ಹಾರಿಸುವವರು, ಬೆಳ್ಳಿಯ ಬಣ್ಣ ಮಾಸಿತೆಂದು ಬಾಗಿಲಿಗೆ ಹಚ್ಚಿ ಉಳಿದ ಪೇಂಟನ್ನು ಇದಕ್ಕೆ ಹಚ್ಚುವವರು, ಮಕ್ಕಳಿಗೆ ಆಡಲು ಕೊಟ್ಟು ಗುಂಡಿಗಳನ್ನು ಕೀಳಿಸುವವರು, ಗಿಡದ ಕುಂಡ ಇಡಲು ಸ್ಟೂಲು ಮಾಡಿಕೊಂಡವರು. ಇಷ್ಟೂ ಸಾಲದೆಂಬಂತೆ ಈಗ ಹೊಸತೊಂದು ಬಂದಿದೆ. ಒಳಗಿನ ರೇಡಿಯೋ, ಮೋಟಾರು, ಹೆಡ್ಡು ಎಲ್ಲವನ್ನೂ ಕಿತ್ತು ಬಿಸಾಡಿ, ಅಂಗೈಯಗಲದ ಬ್ಲೂಟೂತ್ ಬೋರ್ಡು ಕೂರಿಸಿ ‘ವಿಂಟೇಜ್’ ಎಂದು ಮಾರುವುದು. ಹೊರಗಿನಿಂದ ನೋಡಿದರೆ 1982, ಒಳಗೆ ಮೊಬೈಲಿನ ಹಾಡು. ಕ್ಯಾಸೆಟ್ಟಿನ ಬಾಗಿಲು ತೆರೆದರೆ ಖಾಲಿ ಗೂಡು. ಸಿನಿಮಾ, ಜಾಹೀರಾತಿನವರಿಗೆ ಬಾಡಿಗೆಗೆ ಹೋಗುವ ಸೆಟ್ಟುಗಳ ಕಥೆಯೂ ಅಷ್ಟೆ. ಪರದೆಯ ಮೇಲೆ ಮೂರು ಕ್ಷಣ ಕಾಣಿಸಿಕೊಳ್ಳಲು ಅವು ಲಾರಿಯಲ್ಲಿ ಹೋಗಿ ಹಿಡಿ ಮುರಿದುಕೊಂಡು ಬರುತ್ತವೆ.

ಹಾಳಾದರೆ ಇನ್ನೊಂದು ತರಬಹುದಲ್ಲ ಎನ್ನುವ ಹಾಗೂ ಇಲ್ಲ. ಕ್ಯಾಸೆಟ್ಟನ್ನು ಫಿಲಿಪ್ಸ್ ಕಂಪೆನಿ 1963ರಲ್ಲಿ ಬರ್ಲಿನ್ನಿನ ಪ್ರದರ್ಶನದಲ್ಲಿ ಜಗತ್ತಿಗೆ ತೋರಿಸಿತು. ಅದನ್ನು ರೂಪಿಸಿದ ತಂಡದ ಮುಖ್ಯಸ್ಥ ಲೂ ಓಟೆನ್ಸ್ 2021ರಲ್ಲಿ ತೀರಿಕೊಂಡರು. ಈ ಸೆಟ್ಟುಗಳ ಮೇಲಿರುವ ಜಪಾನಿನ ಹೆಸರುಗಳಲ್ಲೂ ಅನೇಕವು ಹಳೆಯ ರೂಪದಲ್ಲಿ ಉಳಿದಿಲ್ಲ. ‘ನ್ಯಾಷನಲ್’ ಎಂಬ ಹೆಸರನ್ನು ಕಂಪೆನಿಯೇ 2008ರಲ್ಲಿ ಕೈಬಿಟ್ಟು ಎಲ್ಲವನ್ನೂ ಪ್ಯಾನಾಸಾನಿಕ್ ಎಂದಿತು. ಅದೇ ವರ್ಷ ಜೆವಿಸಿ, ಕೆನ್‌ವುಡ್ ಜೊತೆ ಸೇರಿತು. ಸಾನ್ಯೋ ಕಂಪೆನಿ ಪ್ಯಾನಾಸಾನಿಕ್‌ನ ಹೊಟ್ಟೆ ಸೇರಿತು. ಶಾರ್ಪ್ ಕಂಪೆನಿಯನ್ನು 2016ರಲ್ಲಿ ತೈವಾನಿನವರು ಕೊಂಡರು. ನಲವತ್ತು ವರ್ಷದ ಹಿಂದಿನ ಒಂದು ಸಣ್ಣ ಹಲ್ಲುಚಕ್ರ ಬೇಕೆಂದರೆ ಕೊಡುವವರು ಯಾರು? ಇನ್ನೊಂದು ಸತ್ತ ಸೆಟ್ಟೇ ಕೊಡಬೇಕು.

ಇಲ್ಲಿ ನನಗೊಂದು ಸಂಶಯ ಬಂತು. ಅಕ್ಕನ ಮಗನ ಕಪಾಟಿನಲ್ಲಿ ಗಾಜಿನ ಹಿಂದೆ ಹನ್ನೊಂದು ಸೆಟ್ಟುಗಳಿವೆ, ಎಲ್ಲವೂ ಹಾಡುತ್ತವೆ. ಅವನ್ನು ಹಾಡಿಸಲು ಎಷ್ಟು ಸೆಟ್ಟು ಬಿಚ್ಚಿದೆ ಎಂದು ಕೇಳಿದೆ. ಸ್ವಲ್ಪ ಹೊತ್ತು ಉತ್ತರ ಬರಲಿಲ್ಲ. ಮೂರು ಸೇರಿಸಿ ಒಂದು ಮಾಡುವುದು ಈ ಹವ್ಯಾಸದಲ್ಲಿ ಮಾಮೂಲು. ಉಳಿದೆರಡರ ಸಿಪ್ಪೆ ಮಂಚದಡಿಯ ಚೀಲದಲ್ಲಿ. ಮಾಡುವವರ ಉದ್ದೇಶ ಒಳ್ಳೆಯದೇ. ಆದರೂ ಸಂಗ್ರಹಕಾರರು ಮನೆಮನೆಯ ಯಜಮಾನರನ್ನು ಬೈಯುವಾಗ ಈ ಚೀಲಗಳ ನೆನಪೂ ಇರಲಿ ಎಂದು ನನಗನಿಸಿತು. ಅವನೇನೂ ಬೇಸರ ಮಾಡಿಕೊಳ್ಳಲಿಲ್ಲ. ‘ಚಾಚಾನ ಹತ್ತಿರ ಹೋಗೋಣ ಬನ್ನಿ, ಅವರೂ ನಿಮ್ಮ ಪಕ್ಷವೇ’ ಎಂದ.

ಚಾಚಾನ ಅಂಗಡಿ ಬೀದಿಯಿಂದ ಒಳಗೆ, ಮೆಟ್ಟಿಲ ಕೆಳಗಿನ ಜಾಗದಲ್ಲಿ. ಇಬ್ಬರು ಕುಳಿತರೆ ಮೂರನೆಯವರು ಹೊರಗೆ ನಿಲ್ಲಬೇಕು. ನನಗೆ ಸ್ಟೂಲು ಕೊಟ್ಟು ತಾವು ಡಬ್ಬದ ಮೇಲೆ ಕುಳಿತರು. ಎಪ್ಪತ್ತು ದಾಟಿದ ಮನುಷ್ಯ. ಚಹಾ ತರಿಸಿದರು. ಗೋಡೆಯಲ್ಲಿ ಬೆಲ್ಟುಗಳ ಗೊಂಚಲು, ಮೇಜಿನ ಮೇಲೆ ಹತ್ತಿ ಸುತ್ತಿದ ಕಡ್ಡಿ, ಸಣ್ಣ ಸೀಸೆಯಲ್ಲಿ ಸ್ಪಿರಿಟ್. ಕ್ಯಾಸೆಟ್ಟಿನ ಹೆಡ್ಡು ಒರೆಸಲು ಅದೇ ಬೇಕು. ‘ಬೆಹೆನ್, ಇದು ಇಂಜೆಕ್ಷನ್ನಿನ ಮೊದಲು ಒರೆಸುವ ಸ್ಪಿರಿಟ್. ಬೇರೆ ಏನೂ ಅಂದುಕೊಳ್ಳಬೇಡಿ’ ಎಂದು ನಾನು ಕೇಳುವ ಮೊದಲೇ ಹೇಳಿ ನಕ್ಕರು. ರಿಪೇರಿಯಾದ ಸೆಟ್ಟಿಗೆ ಅವರು ಮೊದಲು ಹಾಕುವುದು ಈಜಿಪ್ಟಿನ ಖಾರಿ ಅಬ್ದುಲ್ ಬಾಸಿತ್‌ರ ಒಂದು ಕ್ಯಾಸೆಟ್. ಆ ದೀರ್ಘ ಉಸಿರಿನ ಪಾರಾಯಣದಲ್ಲಿ ಮೋಟಾರು ಎಲ್ಲಿ ಕೂದಲೆಳೆಯಷ್ಟು ನಿಧಾನವಾದರೂ ಅವರ ಕಿವಿಗೆ ತಿಳಿಯುತ್ತದಂತೆ. 1988ರಲ್ಲಿ ತೀರಿಕೊಂಡ ಆ ಖಾರಿಯ ಕಂಠ ನಮ್ಮ ಎಷ್ಟೋ ಮನೆಗಳಲ್ಲಿ ರಮಝಾನಿನ ಬೆಳಗನ್ನು ತೆರೆಯುತ್ತಿದ್ದದ್ದು ಇಂಥ ಸೆಟ್ಟುಗಳಿಂದಲೇ.

ಅಕ್ಕನ ಮಗನ ದೂರನ್ನೆಲ್ಲ ಅವರು ಎಷ್ಟು ಸಲ ಕೇಳಿದ್ದರೋ. ನನ್ನೆದುರು ಇನ್ನೊಮ್ಮೆ ಕೇಳಿ, ಎರಡು ಸೆಟ್ಟುಗಳನ್ನು ತೆಗೆದು ಮೇಜಿನ ಮೇಲಿಟ್ಟರು. ಒಂದರ ಮೈತುಂಬ ಗೀರು, ಒಂದು ಮೂಲೆ ಸುಟ್ಟು ಕರಗಿದೆ, ಎಣ್ಣೆಯ ಜಿಡ್ಡು. ಅಡುಗೆಮನೆಯಲ್ಲಿದ್ದದ್ದು ಎಂದು ಯಾವ ಹೆಂಗಸಾದರೂ ನೋಡಿದ ಕೂಡಲೇ ಹೇಳಬಹುದು. ಇನ್ನೊಂದು ಹೊಸದರ ಹಾಗೆ. ಮುಂಭಾಗಕ್ಕೆ ಅಂಟಿಸಿದ ಪ್ಲಾಸ್ಟಿಕ್ ಹಾಳೆಯನ್ನೂ ಕಿತ್ತಿಲ್ಲ. ಮೇಲೆ ಹೊದಿಸುತ್ತಿದ್ದ ಕ್ರೋಶಾದ ಬಟ್ಟೆಯೂ ಜೊತೆಗೇ ಬಂದಿತ್ತು, ಅಂಚಿನಲ್ಲಿ ಗುಲಾಬಿ ನೂಲಿನ ಹೂಗಳು. ಯಾವುದು ಬದುಕಿದೆ ಹೇಳಿ ಎಂದರು ಚಾಚಾ. ಅಡುಗೆಮನೆಯದು ಗುಂಡಿ ಒತ್ತಿದ ಕೂಡಲೇ ಹಾಡಿತು. ಕ್ರೋಶಾ ಹೊದ್ದದ್ದು ಕದಲಲಿಲ್ಲ.

ಅದರ ಹಿಂಬದಿಯ ಮುಚ್ಚಳ ತೆಗೆದು ತೋರಿಸಿದರು. ಸೆಲ್ಲುಗಳು ಕೂತ ಕಡೆಯೇ ಉಬ್ಬಿ ಒಡೆದು, ಸ್ಪ್ರಿಂಗುಗಳನ್ನು ತಿಂದು, ಹಸಿರು ತುಕ್ಕಾಗಿ ತಂತಿಗುಂಟ ಒಳಗಿನ ಬೋರ್ಡಿನವರೆಗೂ ಹರಿದಿದ್ದವು. ಮಾಮೂಲಿ ಟಾರ್ಚ್ ಸೆಲ್ಲಿನ ಸತುವಿನ ಡಬ್ಬಿ ಬರೀ ಡಬ್ಬಿಯಲ್ಲ. ಕರೆಂಟು ಹುಟ್ಟುವುದೇ ಅದು ಕರಗುವುದರಿಂದ. ಸೆಲ್ಲು ಮುಗಿಯುವ ಹೊತ್ತಿಗೆ ಡಬ್ಬಿ ತೆಳ್ಳಗಾಗಿ ತೂತು ಬೀಳುತ್ತದೆ, ಒಳಗಿನ ಖಾರದ ನೀರು ಹೊರಬರುತ್ತದೆ. ದಿನಾ ಬಳಸುವವರು ಸೆಲ್ಲು ತೀರಿದ ಕೂಡಲೇ ಬದಲಿಸುತ್ತಾರೆ, ಹಾಗಾಗಿ ಸೆಟ್ಟು ಉಳಿಯುತ್ತದೆ. ಜೋಪಾನವಾಗಿ ಎತ್ತಿಟ್ಟವರು ಸೆಲ್ಲು ತೆಗೆಯಲು ಮರೆಯುತ್ತಾರೆ. ಬೆಲ್ಟಿನ ಕಥೆಯೂ ಬೇರೆಯಲ್ಲ. ವರ್ಷಗಟ್ಟಲೆ ತಿರುಗದೆ ಒಂದೇ ಕಡೆ ಬಿಗಿದು ಕೂತ ಬೆಲ್ಟು ಕೊನೆಗೆ ಡಾಂಬರಿನಂತೆ ಕರಗಿ ಚಕ್ರಗಳಿಗೆ ಮೆತ್ತಿಕೊಳ್ಳುತ್ತದೆ. ‘ಕೊಂದದ್ದು ಕೆಲಸವಲ್ಲ, ಬೀರು’ ಎಂದರು ಚಾಚಾ. ಬಳಸಿ ಸವೆಸಿದವರ ಮೇಲೆ ತನಗೆ ಸಿಟ್ಟೇ ಇಲ್ಲ ಎನ್ನುವ ಅವರ ಮಾತು ನನಗೆ ಸರಿಯೆನಿಸಿತು. ಊರಲ್ಲಿ ಷೋಕೇಸಿನ ನಡುವಿನ ಅರೆಯಲ್ಲಿ, ಕಸೂತಿ ಬಟ್ಟೆ ಹೊದ್ದು, ಅತಿಥಿಗಳು ಬಂದಾಗ ಮಾತ್ರ ಮುಖ ತೋರಿಸುತ್ತಿದ್ದ ಟೂ-ಇನ್-ಒನ್‌ಗಳು ನೆನಪಾದವು. ಗಲ್ಫಿನಲ್ಲಿ ಬಿಸಿಲಲ್ಲಿ ದುಡಿದವನ ಬೆವರು ಅದು ಎಂಬ ಮರ್ಯಾದೆಯಿಂದಲೇ ಯಾರೂ ಅದನ್ನು ಮುಟ್ಟುತ್ತಿರಲಿಲ್ಲ. ಅದನ್ನು ಅವಗಣನೆ ಎಂದು ಕರೆಯಲು ಯಾವ ಸಂಗ್ರಹಕಾರನಿಗೂ ನಾಲಗೆ ಬರಬಾರದು.

ಮನೆಯಲ್ಲಿ ಇನ್ನೂ ಇಂಥದ್ದೊಂದು ಇದ್ದವರಿಗಾಗಿ ಚಾಚಾ ಹೇಳಿದ್ದನ್ನು ಇಲ್ಲಿ ಬರೆಯುತ್ತೇನೆ. ಈವತ್ತೇ ಹಿಂಬದಿ ತೆರೆದು ಸೆಲ್ಲು ತೆಗೆಯಿರಿ. ಸೋರಿದ್ದರೆ ಬರಿಗೈಯಲ್ಲಿ ಮುಟ್ಟಬೇಡಿ. ಹಳೆಯ ಮಾಮೂಲಿ ಸೆಲ್ಲಿನ ಸೋರಿಕೆಯಾದರೆ ಅಡುಗೆ ಸೋಡಾ ಕಲಸಿದ ನೀರಿನಲ್ಲಿ, ಆಲ್ಕಲೈನ್ ಸೆಲ್ಲಿನ ಬಿಳಿ ಹಿಟ್ಟಾದರೆ ವಿನೆಗರಿನಲ್ಲಿ ಅದ್ದಿ ಹಿಂಡಿದ ಹತ್ತಿಕಡ್ಡಿಯಿಂದ ಒರೆಸಿ ಚೆನ್ನಾಗಿ ಒಣಗಿಸಬೇಕು. ಮುಂಭಾಗವನ್ನು ಒದ್ದೆ ಬಟ್ಟೆಯಿಂದ ತಿಕ್ಕಿದರೆ ಡಯಲ್ಲಿನ ಅಂಕಿಗಳು ಅಳಿಸಿ ಹೋಗುತ್ತವೆ. ಬಹಳ ವರ್ಷದಿಂದ ಸುಮ್ಮನಿದ್ದ ಸೆಟ್ಟನ್ನು ನೇರ ಪ್ಲಗ್ಗಿಗೆ ಹಾಕಬಾರದು, ತಿಳಿದವರಿಗೆ ತೋರಿಸಿಯೇ ಹಾಕಬೇಕು. ತಿಂಗಳಿಗೊಮ್ಮೆಯಾದರೂ ತಿರುಗಿಸಬೇಕು. ಮತ್ತೊಂದು, ಇದನ್ನು ಅವರು ಎರಡು ಸಲ ಹೇಳಿದರು. ಗುಜರಿಯವನಿಗೆ ಕೊಡುವ ಮೊದಲು ಕ್ಯಾಸೆಟ್ಟಿನ ಬಾಗಿಲು ತೆರೆದು ನೋಡಬೇಕು.

ಯಾಕೆಂದರೆ ಕ್ಯಾಸೆಟ್ಟುಗಳು ಒಳಗೇ ಉಳಿದು ಬರುತ್ತವೆ. ಚಾಚಾನ ಹತ್ತಿರ ಬಿಸ್ಕತ್ತಿನ ದೊಡ್ಡ ಡಬ್ಬಿ ತುಂಬ ಇವೆ. ಹೆಚ್ಚಿನವು ಸಿನಿಮಾ ಹಾಡು, ಕವ್ವಾಲಿ, ನಾತ್, ಪ್ರವಚನ. ಆದರೆ ಕೆಲವು ಪತ್ರಗಳು. ಕಡಲಾಚೆಗೆ ಫೋನ್ ಮಾಡುವುದೆಂದರೆ ಟ್ರಂಕ್ ಕಾಲ್ ಬುಕ್ ಮಾಡಿ ಕಾಯಬೇಕಿದ್ದ ಕಾಲದಲ್ಲಿ, ಗಲ್ಫಿನ ಗಂಡಂದಿರು ಅರುವತ್ತು ನಿಮಿಷದ ಕ್ಯಾಸೆಟ್ಟಿನಲ್ಲಿ ಮಾತಾಡಿ ಊರಿಗೆ ಹೋಗುವವರ ಕೈಯಲ್ಲಿ ಕಳಿಸುತ್ತಿದ್ದರು. ಓದು ಬರಹ ಬಾರದ ತಾಯಂದಿರಿಗೆ ಇನ್ನೊಬ್ಬರಿಂದ ಪತ್ರ ಓದಿಸುವ ಮುಜುಗರ ತಪ್ಪುತ್ತಿತ್ತು. ಮನೆಯವರು ಅದರಲ್ಲೇ ಉತ್ತರ ತುಂಬಿಸಿ ಕಳಿಸುತ್ತಿದ್ದರು, ಮಗುವಿನ ಅಳು, ಕೋಳಿಯ ಕೂಗು, ಮಳೆಯ ಸದ್ದು ಎಲ್ಲ ಸೇರಿಸಿ. ಟೇಪ್ ರೆಕಾರ್ಡರ್ ಗಲ್ಫ್ ಮನೆಗಳಿಗೆ ಬಂದದ್ದು ಹಾಡಿಗಾಗಿ ಎಂದು ಹೇಳುವವರು ಅರ್ಧ ಮಾತ್ರ ಹೇಳುತ್ತಾರೆ.

ಅಂಥ ಕ್ಯಾಸೆಟ್ ಎಂದು ಗೊತ್ತಾದ ಕೂಡಲೇ ಚಾಚಾ ನಿಲ್ಲಿಸಿಬಿಡುತ್ತಾರೆ. ಸಲಾಂ ಕೇಳಿಸಿದರೆ ಸಾಕು, ಮುಂದಕ್ಕೆ ಹಾಕುವುದಿಲ್ಲ. ಇನ್ನೊಬ್ಬರ ಪತ್ರ ಒಡೆದು ಓದಬಹುದೇ ಎಂಬುದು ಅವರ ಪ್ರಶ್ನೆ. ಅಕ್ಕನ ಮಗನಿಗೆ ಇದರಲ್ಲಿ ಒಪ್ಪಿಗೆಯಿಲ್ಲ. ಒಂದು ತಲೆಮಾರಿನ ಬದುಕು ಈ ಟೇಪುಗಳಲ್ಲಿದೆ, ಕಂಪ್ಯೂಟರಿಗೆ ಹಾಕಿ ಉಳಿಸದಿದ್ದರೆ ಬೂಷ್ಟು ತಿಂದು ಹೋಗುತ್ತದೆ ಎಂಬುದು ಅವನ ವಾದ. ಅವನು ಹೇಳುವುದೂ ಸುಳ್ಳಲ್ಲ. ಆದರೆ ಹೆಂಡತಿಗೆಂದು ಆಡಿದ ಮಾತು ಚರಿತ್ರೆಯಾಗಬೇಕಿದ್ದರೆ ಆ ಹೆಂಡತಿಯ ಒಪ್ಪಿಗೆ ಬೇಡವೇ? ನನ್ನ ಮನಸ್ಸು ಚಾಚಾನ ಕಡೆಗೇ ವಾಲಿತು.

ನಾನು ಕರಾವಳಿಯವಳೆಂದು ತಿಳಿದು ಅವರು ಡಬ್ಬಿಯ ತಳದಿಂದ ಒಂದು ಕ್ಯಾಸೆಟ್ ತೆಗೆದರು. ಭೆಂಡಿ ಬಜಾರಿನ ಕಡೆ ಕೆಡವಿದ ಒಂದು ಕಟ್ಟಡದಿಂದ ಬಂದ ನ್ಯಾಷನಲ್ ಸೆಟ್ಟಿನೊಳಗಿತ್ತಂತೆ. ನಮ್ಮ ಕಡೆಯ ಗಲ್ಫಿನವರು ತಂಗುತ್ತಿದ್ದ ಕೋಣೆಯದು. ಲೇಬಲ್ಲಿನ ಮೇಲೆ ನೀಲಿ ಪೆನ್ನಿನ ಬರಹ. ಇದು ಯಾವ ಲಿಪಿ, ಏನು ಬರೆದಿದೆ ಎಂದು ಇಷ್ಟು ವರ್ಷಗಳಲ್ಲಿ ಅವರಿಗೆ ಓದಿ ಹೇಳುವವರು ಸಿಕ್ಕಿರಲಿಲ್ಲ. ಅಕ್ಕನ ಮಗ ಮುಂಬಯಿಯಲ್ಲೇ ಓದಿ ಬೆಳೆದವನು, ಕನ್ನಡ ಓದಲು ಬಾರದು. ನಾನು ಕನ್ನಡಕ ಹಾಕಿಕೊಂಡೆ. ‘ಒಂದನೇ ಬದಿ ಎಲ್ಲರಿಗೂ. ಎರಡನೇ ಬದಿ ಅವಳಿಗೆ ಮಾತ್ರ.’ ಅಷ್ಟೆ. ಹೆಸರಿಲ್ಲ, ಊರಿಲ್ಲ.

ಓದಿ ಹೇಳಿದೆ. ಮೂವರೂ ಸ್ವಲ್ಪ ಹೊತ್ತು ಸುಮ್ಮನಿದ್ದೆವು. ಅಮಾನತ್ತನ್ನು ಅದರ ಹಕ್ಕುದಾರರಿಗೆ ಮುಟ್ಟಿಸಬೇಕು, ಇದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ಆದರೆ ಹಕ್ಕುದಾರರು ಯಾರೆಂದು ತಿಳಿಯುವುದಾದರೂ ಹೇಗೆ, ಕೇಳದೆ? ಕೊನೆಗೆ ಚಾಚಾನೇ ದಾರಿ ಹೇಳಿದರು. ಮೊದಲನೇ ಬದಿ ಎಲ್ಲರಿಗೂ ಎಂದು ಬರೆದವರೇ ಅನುಮತಿ ಕೊಟ್ಟಿದ್ದಾರೆ, ಸುಳಿವು ಸಿಗುವಷ್ಟು ಮಾತ್ರ ಕೇಳೋಣ.

ಆದರೆ ಅದು ಹಾಡುವ ಸ್ಥಿತಿಯಲ್ಲಿರಲಿಲ್ಲ. ಕ್ಯಾಸೆಟ್ ಹಾಕಿ ಪ್ಲೇ ಒತ್ತಿದಾಗ ರಬ್ಬರಿನ ಒಂದು ಪುಟ್ಟ ಗಾಲಿ ಬಂದು ಟೇಪನ್ನು ಉಕ್ಕಿನ ಕಡ್ಡಿಗೆ ಒತ್ತಿ ಹಿಡಿಯುತ್ತದೆ, ಹಾಗೆ ಟೇಪು ಮುಂದೆ ಸಾಗುತ್ತದೆ. ಯಾರು ಒತ್ತಿದರೋ, ಆ ಸೆಟ್ಟಿನ ಪ್ಲೇ ಗುಂಡಿ ಒತ್ತಿದ ಹಾಗೆಯೇ ದಶಕಗಟ್ಟಲೆ ಉಳಿದಿತ್ತು. ಸೆಲ್ಲು ಸೋರಿ ಯಂತ್ರ ಸತ್ತಿತ್ತು, ರಬ್ಬರು ಕರಗಿ ಟೇಪಿಗೆ ಅಂಟಿಕೊಂಡಿತ್ತು. ಕ್ಯಾಸೆಟ್ಟನ್ನು ಬಿಡಿಸಿ ತೆಗೆದಾಗ ಆ ಜಾಗದಲ್ಲಿ ಟೇಪು ಜಿಗುಟಾಗಿ ಮಡಚಿಹೋಗಿತ್ತು. ಅಷ್ಟನ್ನು ಕತ್ತರಿಸಿ ಎರಡು ತುದಿ ಜೋಡಿಸಬೇಕು, ಎರಡಿಂಚು ಹೋಗುತ್ತದೆ ಎಂದರು ಚಾಚಾ. ಎರಡಿಂಚೆಂದರೆ ಎಷ್ಟು ಮಾತು ಎಂದು ಕೇಳಿದೆ. ಕ್ಯಾಸೆಟ್ಟಿನ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡುತ್ತದೆ, ಹಾಗಾಗಿ ಒಂದು ಸೆಕೆಂಡಿನಷ್ಟು ಎಂದ ಅಕ್ಕನ ಮಗ. ಒಂದು ಸೆಕೆಂಡು ದೊಡ್ಡದಲ್ಲ. ಆದರೆ ಎರಡೂ ಬದಿ ಇರುವುದು ಒಂದೇ ಟೇಪಿನ ಮೇಲೆ, ಅಗಲದ ಅರ್ಧ ಇದಕ್ಕೆ, ಅರ್ಧ ಅದಕ್ಕೆ. ಎಲ್ಲರ ಬದಿಯಿಂದ ಒಂದು ಸೆಕೆಂಡು ಕತ್ತರಿಸಿದರೆ ಅವಳ ಬದಿಯಿಂದಲೂ ಒಂದು ಸೆಕೆಂಡು ಹೋಗುತ್ತದೆ. ಯಾವ ಮಾತು ಹೋಗುತ್ತದೆಂದು ಕತ್ತರಿ ಹಿಡಿದವರಿಗೂ ಗೊತ್ತಾಗುವುದಿಲ್ಲ. ಸೆಲ್ಲು ತೆಗೆಯದ, ಗುಂಡಿ ಬಿಡಿಸದ ಆ ಅಜ್ಞಾತ ಕೈಯ ಮೇಲೆ ಆ ಹೊತ್ತು ನನಗೂ ಸಿಟ್ಟು ಬಂತು. ಅಕ್ಕನ ಮಗ ನನ್ನ ಮುಖ ನೋಡಿ ಏನೂ ಹೇಳಲಿಲ್ಲ, ಅದು ಅವನ ಒಳ್ಳೆಯತನ.

ಚಾಚಾ ಬಿಸ್ಮಿಲ್ಲಾಹ್ ಹೇಳಿ ಬ್ಲೇಡು ಹಿಡಿದರು. ಕತ್ತರಿಸಿ, ಜೋಡಿಸಿ, ಬೇರೆ ಕ್ಯಾಸೆಟ್ಟಿನ ಕವಚದೊಳಗೆ ಕೂರಿಸಿ, ಹಳೆಯ ಲೇಬಲನ್ನೂ ಹಾಗೆಯೇ ಎತ್ತಿ ಅಂಟಿಸಿದರು. ಮುಕ್ಕಾಲು ಗಂಟೆಯ ಕೆಲಸ. ಆಮೇಲೆ ಅಡುಗೆಮನೆಯಿಂದ ಬಂದ ಆ ಸುಟ್ಟ ಮೂಲೆಯ ಸೆಟ್ಟಿನಲ್ಲೇ ಹಾಕಿದರು. ಏಸಿಯ ಗುಂಯ್ ಸದ್ದು, ಯಾರೋ ಪಾತ್ರೆ ಇಟ್ಟ ಸದ್ದು, ನಂತರ ಸಲಾಂ. ಬ್ಯಾರಿ ಭಾಷೆ. ನನಗೆ ನೆರೆಯವರಿಂದ ಕಲಿತದ್ದು ಅರ್ಥವಾಗುವಷ್ಟಿದೆ. ಆತ ಉಮ್ಮನ ಕಾಲುನೋವಿನ ಬಗ್ಗೆ ಕೇಳಿದ. ಮೂವರು ಮಕ್ಕಳ ಹೆಸರು ಹಿಡಿದು, ಯಾರು ಯಾವ ತರಗತಿಗೆ ಹೋಗಬೇಕೆಂದು ಹೇಳಿದ. ದಮ್ಮಾಮಿನಿಂದ ಈ ಟೇಪ್ ರೆಕಾರ್ಡರನ್ನು ಊರಿನ ಒಬ್ಬರ ಕೈಯಲ್ಲಿ ಕಳಿಸುತ್ತಿದ್ದೇನೆ, ಒಳಗೆ ಕ್ಯಾಸೆಟ್ ಇದೆ, ಮಕ್ಕಳು ಗುಂಡಿಗಳನ್ನು ಕೀಳದ ಹಾಗೆ ನೋಡಿಕೊಳ್ಳಿ ಎಂದ. ಸೆಟ್ಟು ತಂದವರು ಮುಂಬಯಿಯ ಕೋಣೆಯಲ್ಲೇ ಯಾಕೆ ಬಿಟ್ಟರು, ಆಮೇಲೆ ತರುತ್ತೇನೆಂದು ಇಟ್ಟರೋ, ಅವರಿಗೇ ಏನಾದರೂ ಆಯಿತೋ. ಅಲ್ಲಿಗೆ ಚಾಚಾ ನಿಲ್ಲಿಸಿದರು. ಆ ಸಾಕಾಗುವಷ್ಟರಲ್ಲೂ ಊರಿನ ಹೆಸರು ಬರಲಿಲ್ಲ.

ಕ್ಯಾಸೆಟ್ ಈಗ ಅಕ್ಕನ ಮಗನ ಬಳಿ ಇದೆ. ಯಾವ ಸೆಟ್ಟಿನೊಳಗೂ ಅಲ್ಲ, ಪ್ರತ್ಯೇಕ ಡಬ್ಬಿಯಲ್ಲಿ, ಬಿಸಿಲು ತಾಗದ ಕಡೆ. ಮುಂಬಯಿಯಲ್ಲಿರುವ ನಮ್ಮ ಕಡೆಯ ಜಮಾಅತ್‌ಗಳಲ್ಲಿ ಅವನು ಕೇಳುತ್ತಲೇ ಇದ್ದಾನೆ. ದಮ್ಮಾಮಿನಿಂದ ಬರಬೇಕಿದ್ದ ನ್ಯಾಷನಲ್ ಟೇಪ್ ರೆಕಾರ್ಡರ್ ಮುಂಬಯಿಯಿಂದ ಮುಂದಕ್ಕೆ ಬರಲೇ ಇಲ್ಲ ಎಂಬ ಮಾತು ಇದನ್ನು ಓದುವ ಯಾರದಾದರೂ ಮನೆಯಲ್ಲಿ ಇದ್ದರೆ ಪತ್ರಿಕೆಯ ವಿಳಾಸಕ್ಕೆ ಬರೆಯಿರಿ. ಮೂವರು ಮಕ್ಕಳ ಹೆಸರು, ಹಿರಿಯರಿಂದ ಕಿರಿಯರಿಗೆ ಬರೆದರೆ ಸಾಕು. ಎರಡನೇ ಬದಿಯನ್ನು ಯಾರೂ ಹಾಕಿಲ್ಲ.